ಒಂದು ಬಾಟಲಿ ಕೆರೆ ನೀರು

ರಾತ್ರಿ ಹನ್ನೆರಡೂ ಮುಕ್ಕಾಲಿಗೆ ದಿಂಬಿನ ಕೆಳಗಿದ್ದ ಮೊಬೈಲು 'ಟಿಣ್' ಎಂದಿತು. ಸೊಳ್ಳೆ ಕೆಮ್ಮಿದರೆ ಎಷ್ಟು ಸದ್ದಾದೀತೋ ಅಷ್ಟೇ. ಆದರೂ ಮುರಾರಿ ಧಡಕ್ಕನೆ ಎದ್ದು ಕೂತರು. ಈ ಹೊತ್ತಿನಲ್ಲಿ ಸಂದೇಶ ಕಳಿಸುವವರು ಎರಡೇ ಬಗೆಯವರು. ಊರಿನಲ್ಲಿ ಯಾರೋ ತೀರಿಹೋದ ಸುದ್ದಿ ತಿಳಿಸುವ ನೆಂಟರು, ಇಲ್ಲವಾದರೆ ಅವರ ಫ್ಲ್ಯಾಟುಗಳ ಸೊಸೈಟಿಯ ಸೆಕ್ರೆಟರಿ ಯಶ್ವಂತ್.

ಯಶ್ವಂತರೇ ಆಗಿದ್ದರು. ನೆಂಟರೇ ಆಗಿದ್ದರೆ ಚೆನ್ನಾಗಿತ್ತು ಎಂದು ಓದಿ ಮುಗಿಸಿದ ಮೇಲೆ ಮುರಾರಿಗೆ ಅನ್ನಿಸಿತು.

"ನಾಳೆ ಶನಿವಾರ ಸಂಜೆ ಏಳಕ್ಕೆ ಪಾರ್ಕಿಂಗ್‌ನಲ್ಲಿ ಮೀಟಿಂಗ್. ಹಿಂದಿನ ಕೆರೆಯ ನೀರನ್ನು ಎಲ್ಲರ ಎದುರು ಟೆಸ್ಟ್ ಮಾಡಲಾಗುವುದು. ಸ್ಯಾಂಪಲ್ ತರುವ ಜವಾಬ್ದಾರಿ ಎ ವಿಂಗ್‌ನ ಮುರಾರಿಯವರದು. ಅವರು ಹೇಗೂ ದಿನಾ ಬೆಳಿಗ್ಗೆ ಕೆರೆ ಸುತ್ತ ವಾಕಿಂಗ್ ಮಾಡುತ್ತಾರೆ."

ಅದರ ಕೆಳಗೆ ಆಗಲೇ ಹದಿನಾಲ್ಕು ಹೆಬ್ಬೆಟ್ಟುಗಳು ಎದ್ದು ನಿಂತಿದ್ದವು. ನೆರೂಳಿನ ಈ ಸೊಸೈಟಿಯಲ್ಲಿ ನೀರಿನ ಪಂಪು ಕೆಟ್ಟರೆ ಹಗಲಲ್ಲೂ ಒಬ್ಬರೂ ಕೆಳಗಿಳಿಯುವುದಿಲ್ಲ. ಇನ್ನೊಬ್ಬರಿಗೆ ಕೆಲಸ ಹಚ್ಚುವುದಿದ್ದರೆ ನಡುರಾತ್ರಿಯಲ್ಲೂ ಎಲ್ಲರೂ ಎಚ್ಚರವೇ.

ಮುರಾರಿಯ ಎದೆ ಡವಗುಟ್ಟಲು ಕಾರಣ ಬೇರೆಯೇ ಇತ್ತು. ಅವರು ಕೆರೆಯ ಸುತ್ತ ಒಂದು ದಿನವೂ ವಾಕಿಂಗ್ ಮಾಡಿದವರಲ್ಲ. ಮೂರು ವರ್ಷದಿಂದ ದಿನಾ ಬೆಳಗಿನ ಐದೂವರೆಗೆ ಬಿಳಿ ಬೂಟು ಕಟ್ಟಿಕೊಂಡು ಹೊರಡುವುದು, ಕೆರೆಯ ಹಿಂಬದಿಯ ಹಾಳು ಪಂಪ್‌ಹೌಸಿನ ಮರೆಯಲ್ಲಿ ಒಂದು ಕಲ್ಲಿನ ಮೇಲೆ ಕೂತು ಗಾಳ ಹಾಕುವುದು, ಏಳಕ್ಕೆ ಮುಖಕ್ಕೆ ಒಂದಿಷ್ಟು ನೀರು ಚಿಮುಕಿಸಿಕೊಂಡು ಬೆವರಿದವರಂತೆ ಮನೆಗೆ ಬರುವುದು. "ಇವತ್ತು ಎಷ್ಟು ರೌಂಡು?" ಎಂದು ಹೆಂಡತಿ ವಾರಿಜಾ ಕೇಳಿದರೆ, "ಆರು" ಎನ್ನುವುದು. ಆರು ಎಂದರೆ ಆರು ಮೀನು.

ಅವರು ಮೀನು ತಿನ್ನುವವರಲ್ಲ. ಉಡುಪಿಯ ಅವರ ಮನೆಯಲ್ಲಿ ಈರುಳ್ಳಿಗೆ ಪ್ರವೇಶ ಸಿಕ್ಕಿದ್ದೇ ಅಜ್ಜಿ ಹೋದ ಮೇಲೆ. ಹಿಡಿದ ಮೀನನ್ನು ಒಮ್ಮೆ ನೋಡಿ, "ಹೋಗಿ ಬಾ" ಎಂದು ನೀರಿಗೇ ಬಿಡುವುದು ಅವರ ಕ್ರಮ. ಇದೆಲ್ಲ ಶುರುವಾದದ್ದು ಸಿ ವಿಂಗ್‌ನ ಪೂವಪ್ಪನಿಂದ. ಮಲ್ಪೆ ಕಡೆಯ ಪೂವಪ್ಪ ಇಡೀ ಜೀವಮಾನ ಕ್ಯಾಂಟೀನಿನಲ್ಲಿ ದುಡಿದು, ನಿವೃತ್ತನಾಗಿ, ಈಗ ಮಗನ ಮನೆಯಲ್ಲಿದ್ದ. ಒಂದು ಬೆಳಿಗ್ಗೆ, ನಿಜವಾಗಿಯೂ ವಾಕಿಂಗಿಗೆಂದೇ ಹೋದ ಮುರಾರಿಯನ್ನು ಅವನು ಕರೆದು, "ಭಟ್ರೇ, ಎರಡು ನಿಮಿಷ ಇದನ್ನು ಹಿಡ್ಕೊಳ್ಳಿ, ಬೀಡಿ ಹಚ್ತೇನೆ" ಎಂದು ಕೋಲು ಕೈಗೆ ಕೊಟ್ಟಿದ್ದ. ಆ ಎರಡು ನಿಮಿಷದೊಳಗೆ ನೀರಿನ ಕೆಳಗಿನಿಂದ ಯಾರೋ ಕೈ ಹಿಡಿದು ಎಳೆದಂತಾಯಿತು. ಐವತ್ತೊಂದು ವರ್ಷದ ಬದುಕಿನಲ್ಲಿ ಮುರಾರಿಯನ್ನು ಅಷ್ಟು ಆಸೆಯಿಂದ ಯಾರೂ ಎಳೆದಿರಲಿಲ್ಲ.

ಈಗ ಆ ಕೆರೆಗೆ ಕುತ್ತು ಬಂದಿತ್ತು. ಅರ್ಧ ಕೆರೆ ಮುಚ್ಚಿ ಪಾರ್ಕಿಂಗು ಮತ್ತು ಫುಡ್ ಕೋರ್ಟು, ಉಳಿದರ್ಧದಲ್ಲಿ ಬಣ್ಣದ ಕಾರಂಜಿ ಎಂಬ ಯೋಜನೆ ಕಾಗದದ ಮೇಲೆ ತಯಾರಾಗಿ, ನಗರಪಾಲಿಕೆಯವರು ಸುತ್ತಲಿನ ಸೊಸೈಟಿಗಳ ಅಭಿಪ್ರಾಯ ಕೇಳಿದ್ದರು. ನೀರು ಒಳ್ಳೆಯದಿದ್ದರೆ ಕೆರೆ ಇದ್ದ ಹಾಗೆಯೇ ಇರಲಿ ಎಂದು ಬರೆದು ಕೊಡುವುದು, ಕೆಟ್ಟಿದ್ದರೆ ಮುಚ್ಚಿ ಎನ್ನುವುದು ಎಂದು ಕಳೆದ ಮೀಟಿಂಗಿನಲ್ಲಿ ತೀರ್ಮಾನವಾಗಿತ್ತು. ಎರಡು ಕಾರಿದ್ದು ಒಂದೇ ಪಾರ್ಕಿಂಗ್ ಇದ್ದ ಯಶ್ವಂತರಿಗೆ ಆ ನೀರು ಕೆಟ್ಟಿರುತ್ತದೆಂಬ ವಿಷಯದಲ್ಲಿ ಅಪಾರ ನಂಬಿಕೆ. ಬೆಳಗಿನ ಒಂದೂವರೆ ಗಂಟೆಯ ಸುಖ ಉಳಿಯುವುದೋ ಹೋಗುವುದೋ ಎಂಬುದು ಈಗ ಒಂದು ಬಾಟಲಿಯೊಳಗೆ ಬಂದು ನಿಂತಿತ್ತು. ಮುರಾರಿ ಬೆಳಗಾಗುವವರೆಗೆ ಕಣ್ಣು ಮುಚ್ಚಲಿಲ್ಲ.

*

"ಬಾಟಲಿ ಎಂಥಕ್ಕೆ ಭಟ್ರೇ? ಕಾಫಿಯಾ?" ಪೂವಪ್ಪ ಆಸೆಯಿಂದ ಕೇಳಿದ.

"ಕಾಫಿ ಅಲ್ಲ ಮಾರಾಯ, ಕುತ್ತಿಗೆಗೆ ಕಟ್ಟಿದ ಕಲ್ಲು." ಮುರಾರಿ ವಿಷಯ ಹೇಳಿದರು.

"ಅಷ್ಟೆಯಾ? ತುಂಬಿಸಿ ಕೊಡಿ. ಈ ನೀರಿಗೆ ಎಂಥ ಆಗಿದೆ? ನಾನು ಈ ಕೆರೆಯ ಮೀನು ತಿನ್ಲಿಕ್ಕೆ ಶುರು ಮಾಡಿ ಹನ್ನೊಂದು ವರ್ಷ ಆಯ್ತು. ನನ್ನನ್ನು ನೋಡಿ."

ಮುರಾರಿ ನೋಡಿದರು. ಎಪ್ಪತ್ತು ದಾಟಿದ ಪೂವಪ್ಪ ಒಣಗಿಸಿದ ಬಂಗುಡೆ ಮೀನಿನ ಹಾಗೆ ಗಟ್ಟಿಯಾಗಿಯೇ ಇದ್ದ. ಧೈರ್ಯ ಬಂತು. ಇನ್ನೂ ಮಸುಕು ಕತ್ತಲೆ. ಬಗ್ಗಿ ಲೀಟರಿನ ಬಾಟಲಿಯನ್ನು ನೀರಿನಲ್ಲಿ ಅದ್ದಿ, ಬುಳುಬುಳು ಎಂದು ತುಂಬಿಸಿ, ಮುಚ್ಚಳ ತಿರುಪಿ ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದರು.

ಮೈಗೆ ಸೋಪು ಹಚ್ಚಿದ್ದಷ್ಟೇ. ಹೊರಗಿನಿಂದ ಕಿರುಚು.

"ರೀ! ಬೇಗ ಬನ್ನಿ! ಬಾಟಲಿಯೊಳಗೆ ಎಂಥದೋ ಕಣ್ಣು ಬಿಟ್ಟು ನನ್ನನ್ನೇ ನೋಡ್ತಾ ಉಂಟು!"

ಟವಲು ಸುತ್ತಿ ಓಡಿಬಂದರೆ, ವಾರಿಜಾ ದೋಸೆ ಮಗುಚುವ ಸಟ್ಟುಗವನ್ನು ಆಯುಧದಂತೆ ಹಿಡಿದು ನಿಂತಿದ್ದಳು. ಬಾಟಲಿಯಲ್ಲಿ ಅಕ್ಕಿಕಾಳಿಗಿಂತ ತುಸು ಉದ್ದದ ಎರಡು ಮೀನಿನ ಮರಿಗಳು ಹೊಸ ಫ್ಲ್ಯಾಟು ನೋಡಲು ಬಂದವರಂತೆ ಮೂಲೆ ಮೂಲೆಗೂ ಹೋಗಿ ಬರುತ್ತಿದ್ದವು.

ಕಿರುಚು ಕೇಳಿ ಎದುರು ಮನೆಯ ಬಾಗಿ ಎಂಬಾಕೆ ಬಂದಾಗಿತ್ತು. ಈ ಮಹಡಿಯಲ್ಲಿ ಚಮಚ ಬಿದ್ದರೂ ಬಾಗಿ ಬರುತ್ತಿದ್ದಳು. ಬಾಟಲಿಯನ್ನು ಬೆಳಕಿಗೆ ಹಿಡಿದು ಅನುಭವಿಯ ಕಣ್ಣಿನಿಂದ ನೋಡಿ, "ಛೆ, ಮೀನು ಗಸಿಗೆ ಸಾಲುದಿಲ್ಲ ಇದು" ಎಂದಳು.

"ಬಾಗಿಯಕ್ಕ!" ವಾರಿಜಾ ಸಟ್ಟುಗವನ್ನು ಅವಳತ್ತ ತಿರುಗಿಸಿದಳು. "ದೇವರ ನೈವೇದ್ಯ ಮಾಡುವ ಜಾಗ ಇದು!"

"ಅಲ್ಲ ವಾರಿಜಕ್ಕ, ಸುಮ್ಮನೆ ಹೇಳಿದ್ದು. ಮುರಾರಿಯಣ್ಣ, ನೀವು ಎಂಥಕ್ಕೆ ಮೀನು ತಂದದ್ದು?"

"ಮೀನು ತಂದದ್ದಲ್ಲ, ನೀರು ತಂದದ್ದು. ಅವು ತಾವಾಗಿ ಬಂದವು."

"ಹಾಗಾದ್ರೆ ತಾವಾಗಿ ಹೋಗುದಿಲ್ಲ. ನೀವೇ ಬಿಟ್ಟು ಬನ್ನಿ" ಎಂದಳು ವಾರಿಜಾ. "ಪಾಪ, ಇವುಗಳ ಅಮ್ಮ ಅಲ್ಲಿ ಹುಡುಕ್ತಾ ಇದ್ದೀತು. ಜೀವ ಹೋದ್ರೆ ಆ ಪಾಪ ನಮ್ಮ ಮನೆಗೆ. ಮತ್ತೆ ಕೇಳಿ, ಈ ಬಾಟಲಿ ಇನ್ನು ಅಡುಗೆಮನೆ ಒಳಗೆ ಬರಬಾರದು. ಬಂದ ಮೇಲೆ ಇನ್ನೊಮ್ಮೆ ಸ್ನಾನ."

ಸೋಪಿನ ನೊರೆಯ ಮೇಲೆಯೇ ಬನಿಯನ್ನು ಏರಿಸಿ ಮುರಾರಿ ಕೆರೆಗೆ ಓಡಿದರು. ಮರಿಗಳನ್ನು ಬಿಟ್ಟು, ಮತ್ತೆ ನೀರು ತುಂಬಿಸಲು ಬಗ್ಗಿದರು. ಬಗ್ಗಿದವರು ಹಾಗೆಯೇ ನಿಂತುಬಿಟ್ಟರು.

ಏಳೂಕಾಲಿನ ಬಿಸಿಲಿನಲ್ಲಿ ಅವರು ಈ ಕೆರೆಯನ್ನು ನೋಡಿದ್ದು ಅದೇ ಮೊದಲು. ಮೂರು ವರ್ಷ ಅವರ ಕಣ್ಣು ಗಾಳದ ಬೆಂಡಿನ ಮೇಲೆಯೇ ಇತ್ತು. ಈಗ ನೋಡಿದರೆ ನೀರು ಮೂರು ದಿನದ ಪಾಲಕ್ ಸಾರಿನಂತೆ ಹಸಿರಾಗಿದೆ. ಒಂದು ಕಡೆ ಗಣಪತಿ ಮಂಟಪದ ಥರ್ಮೋಕೋಲ್ ಕಂಬ, ಇನ್ನೊಂದು ಕಡೆ ಎಡಗಾಲಿನ ಚಪ್ಪಲಿ, ನಡುವೆ ಒಂದು ಚೆಂಡುಹೂವಿನ ಹಾರ ತೇಲುತ್ತಿದೆ. ಗಾಳಿ ಬೀಸಿದರೆ ಒದ್ದೆ ಗೋಣಿಯ ವಾಸನೆ. ಅಯ್ಯೋ ದೇವರೇ, ಈ ನೀರನ್ನು ಪರೀಕ್ಷೆಗೆ ಕೊಡುವುದೆಂದರೆ ಕಾಯಿಲೆಯವನನ್ನು ತಾನೇ ಹೊತ್ತುಕೊಂಡು ಹೋಗಿ ಸ್ಮಶಾನದಲ್ಲಿ ಮಲಗಿಸಿದ ಹಾಗೆ!

ಆ ಕ್ಷಣ ಮುರಾರಿಯ ತಲೆಯಲ್ಲಿ ಒಂದು ವಿಚಾರ ಹೊಳೆಯಿತು. ಇಪ್ಪತ್ತಾರು ವರ್ಷ ಅಕೌಂಟ್ಸ್ ವಿಭಾಗದಲ್ಲಿದ್ದೂ ಒಂದು ಅಂಕಿಯನ್ನು ಆಚೀಚೆ ಮಾಡದ ಪ್ರಾಮಾಣಿಕ ತಲೆಯದು. ಹಾಗಾಗಿ ಕೆಟ್ಟ ವಿಚಾರ ಬಂದಾಗ ಅದಕ್ಕೆ ಅಭ್ಯಾಸವಿಲ್ಲದೆ ಕಿವಿಗಳು ಕೆಂಪಾದವು.

ಮನೆಗೆ ಬಂದವರೇ ಬಾತ್‌ರೂಮು ಹೊಕ್ಕು ಚಿಲಕ ಹಾಕಿದರು. ಬಾಟಲಿಯನ್ನು ಮೂರು ಸಲ ಸೋಪು ಹಾಕಿ ತೊಳೆದು, ನಲ್ಲಿಯ ನೀರನ್ನು ಕಂಠದವರೆಗೆ ತುಂಬಿಸಿದರು. ಸೊಸೈಟಿಯ ಟ್ಯಾಂಕಿನಿಂದ ನೇರವಾಗಿ ಬರುವ ಶುದ್ಧ ನೀರು. ಯಾರು ಬೇಕಾದರೂ ಪರೀಕ್ಷಿಸಲಿ! ಆದರೆ ಬಾಟಲಿಯನ್ನು ಬೆಳಕಿಗೆ ಹಿಡಿದಾಗ ಅದು ಆಸ್ಪತ್ರೆಯ ಗ್ಲೂಕೋಸಿನ ಹಾಗೆ ಫಳಫಳ ಹೊಳೆಯಿತು. ಯಾವ ಕೆರೆಯೂ ಹೀಗೆ ಹೊಳೆಯುವುದಿಲ್ಲ. ಮುರಾರಿ ಮೆಲ್ಲನೆ ಹೊರಗೆ ಬಂದು, ಬಾಗಿಲ ಬಳಿ ತೂಗಿದ್ದ ತರಕಾರಿ ಚೀಲದಿಂದ ಕೊತ್ತಂಬರಿಯ ಒಂದು ದಂಟು ಮುರಿದು ಬಾಟಲಿಯೊಳಗೆ ಇಳಿಬಿಟ್ಟರು. ನೀರಿನಲ್ಲಿ ಅದು ಥೇಟು ಕೆರೆಯ ಪಾಚಿಯಂತೆ ಬಳುಕಿತು. ತಮ್ಮ ಕಲೆಗೆ ತಾವೇ ಮೆಚ್ಚಿಕೊಂಡರು.

"ಆ ಬಾಟಲಿ ಮನೆಯಲ್ಲಿ ಇಡ್ಲಿಕ್ಕಿಲ್ಲ!" ವಾರಿಜಾ ಒಳಗಿನಿಂದಲೇ ಕೂಗಿದಳು.

"ಇಲ್ಲ ಇಲ್ಲ, ಆಫೀಸಿಗೆ ತಗೊಂಡು ಹೋಗ್ತೇನೆ."

*

ರಬಾಳೆಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಂಪನಿಯಲ್ಲಿ ಮುರಾರಿಯ ನೌಕರಿ. ಶನಿವಾರವಾದ್ದರಿಂದ ಕೆಲಸ ಕಡಿಮೆ. ಬಾಟಲಿಯನ್ನು ಮೇಜಿನ ಮೇಲಿಟ್ಟು ಸಾಹೇಬರ ಕ್ಯಾಬಿನ್ನಿಗೆ ಹೋಗಿ ಹತ್ತು ನಿಮಿಷದಲ್ಲಿ ಬಂದರೆ, ಅದರಲ್ಲಿ ಅರ್ಧ ನೀರೇ ಇರಲಿಲ್ಲ. ಪಕ್ಕದ ಮೇಜಿನ ಸುಶ್ರುತ ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಿದ್ದ.

ಸುಶ್ರುತ ಹಗಲೆಲ್ಲ ಆರೋಗ್ಯದ ವಿಡಿಯೋ ನೋಡುವ ಮನುಷ್ಯ. ಹೋದ ತಿಂಗಳು ಬೂದುಗುಂಬಳದ ರಸ, ಅದಕ್ಕೆ ಮೊದಲು ಮೆಂತೆ ನೀರು.

"ಸರ್, ನೀವು ಹೇಳ್ಲೇ ಇಲ್ಲ! ನೀವೂ ಡಿಟಾಕ್ಸ್ ಶುರು ಮಾಡಿದ್ರಾ?"

"ನೀನು... ಕುಡಿದ್ಯಾ?"

"ಸ್ವಲ್ಪ ಟೇಸ್ಟ್ ನೋಡುವಾ ಅಂತ. ಕೊತ್ತಂಬರಿ ಲಿವರಿಗೆ ಭಾರೀ ಒಳ್ಳೇದಲ್ವಾ ಸರ್?"

ಮುರಾರಿಗೆ ಒಂದು ಕ್ಷಣ ಜೀವ ಬಾಯಿಗೆ ಬಂದು, ಮತ್ತೆ ತನ್ನ ಜಾಗಕ್ಕೆ ಹೋಯಿತು. ಕೆರೆ ನೀರು ಅಲ್ಲವಲ್ಲ, ಮನೆ ನಲ್ಲಿಯದು. ಏನೂ ಆಗುವುದಿಲ್ಲ. "ಹೌದು, ಒಳ್ಳೇದು" ಎಂದು ಉಳಿದ ಅರ್ಧ ಬಾಟಲಿಯನ್ನು ಚೀಲದ ತಳಕ್ಕೆ ಸೇರಿಸಿ ಜಿಪ್ಪು ಎಳೆದರು.

ಎರಡು ಗಂಟೆಗೆ ಸುಶ್ರುತ ಒಮ್ಮೆ ಎದ್ದು ಹೋದ. ಎರಡೂವರೆಗೆ ಇನ್ನೊಮ್ಮೆ. ಮೂರಕ್ಕೆ ಹೋದವನು ಮೂರೂಮುಕ್ಕಾಲಿಗೆ ಗೋಡೆ ಹಿಡಿದುಕೊಂಡು ಬಂದ. ಕ್ಯಾಂಟೀನಿನ ಖಾರದ ಮಿಸಳ್ ತಿಂದಿರಬೇಕು ಎಂದುಕೊಂಡು ಮುರಾರಿ ಮರುಗಿದರು. ಹೊರಡುವ ಹೊತ್ತಿಗೆ ಸುಶ್ರುತ ಕಣ್ಣು ಗುಳಿಬಿದ್ದ ಮುಖದಲ್ಲಿ ಭಕ್ತಿ ತುಂಬಿಕೊಂಡು ಹತ್ತಿರ ಬಂದ.

"ಸರ್, ಒಂದು ಲೀಟರಿಗೆ ಎಷ್ಟು ದಂಟು ಹಾಕ್ತೀರಿ? ಭಾರೀ ಪವರ್‌ಫುಲ್ ಉಂಟು! ಎರಡು ವರ್ಷದ ಕೊಳೆ ಎಲ್ಲ ಹೋಯ್ತು ಅಂತ ಕಾಣ್ತದೆ."

*

ಏಳು ಗಂಟೆಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಯಶ್ವಂತ್ ಮೈಕು ಹಿಡಿದು ಹತ್ತು ಸಲ "ಹಲೋ" ಎಂದರು. ಮೂವತ್ತು ಜನರಿಗೆ ಮೈಕು ಬೇಕಿರಲಿಲ್ಲ. ಆದರೆ ಮೈಕಿಲ್ಲದೆ ಯಶ್ವಂತರಿಗೆ ತಮ್ಮ ದನಿ ತಮ್ಮದೆನ್ನಿಸುತ್ತಿರಲಿಲ್ಲ.

ಮೇಜಿನ ಬಳಿ ಬಿ ವಿಂಗ್‌ನ ಅಪರ್ಣಾ ನಿಂತಿದ್ದಳು. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಓದುವ ಹುಡುಗಿ. ಕನ್ನಡ ಕೇಳಿದರೆ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಮಾತ್ರ ಹಿಂದಿ ಬರುತ್ತಿತ್ತು.

"ಸಿಂಪಲ್ ಹೈ ಅಂಕಲ್" ಎಂದು ಒಂದು ಪುಟ್ಟ ಗಾಜಿನ ಕೊಳವೆಯನ್ನೂ ಔಷಧದ ಸೀಸೆಯನ್ನೂ ಎತ್ತಿ ತೋರಿಸಿದಳು. "ತೀನ್ ಡ್ರಾಪ್, ಪಾಂಚ್ ಮಿನಿಟ್. ಕಲರ್ ನಹೀ ಆಯಾ ತೋ ಪಾನೀ ಅಚ್ಛಾ. ಬ್ರೌನ್ ಹುವಾ ತೋ ಸಮಝೋ ಗಟರ್ ಮಿಲಾ ಹೈ."

ಬಣ್ಣ ಬರದಿದ್ದರೆ ಒಳ್ಳೆಯ ನೀರು, ಕಂದು ಬಂದರೆ ಗಟಾರ ಸೇರಿದ ನೀರು. ಎಲ್ಲರಿಗೂ ಅರ್ಥವಾಯಿತು. ಮುರಾರಿ ಗಂಭೀರವಾಗಿ ಎದ್ದು ಬಾಟಲಿಯನ್ನು ಮೇಜಿನ ಮೇಲಿಟ್ಟರು.

"ಬೆಳಿಗ್ಗೆ ಬಾಟಲಿ ತುಂಬ ಇತ್ತಲ್ಲ?" ಮೂರನೇ ಸಾಲಿನಿಂದ ವಾರಿಜಾಳ ದನಿ.

"ಆವಿಯಾಯಿತು. ಟ್ರೈನಿನಲ್ಲಿ ಸೆಕೆ."

"ಅದರೊಳಗೆ ಅದು ಎಂಥ ಹಸಿರು?" ಬಾಗಿ ಕುರ್ಚಿ ಬಿಟ್ಟು ಮೇಜಿನವರೆಗೂ ಬಂದು ಮೂಗು ತಾಗಿಸಿ ನೋಡಿದಳು. "ಪಾಚಿ ಅಲ್ಲ ಮಾರಾಯ್ರೆ ಇದು! ಕೊತ್ತಂಬರಿ!"

ಸಭೆಯಲ್ಲಿ ಗುಜುಗುಜು ಎದ್ದಿತು. ಕೆರೆಯಲ್ಲಿ ಕೊತ್ತಂಬರಿ ಹೇಗೆ ಬಂತು?

"ಗಾಳಿಗೆ ಹಾರಿ ಬಿದ್ದಿರಬಹುದು" ಎಂದರು ಮುರಾರಿ.

"ಕೊತ್ತಂಬರಿ ಹಾರ್ತದಾ ಮುರಾರಿಯಣ್ಣ? ಅದೇನು ಹಕ್ಕಿಯಾ?" ಬಾಗಿ ಸೊಂಟಕ್ಕೆ ಕೈಕೊಟ್ಟಳು. "ನನಗೆ ಗೊತ್ತಾಯ್ತು. ಗೇಟಿನ ಹತ್ರ ತರಕಾರಿ ಮಾರುವ ಭಾಜಿವಾಲ ಉಂಟಲ್ಲ, ಅವನು ಸೊಪ್ಪನ್ನು ಆ ಕೆರೆಯಲ್ಲೇ ತೊಳೀತಾನೆ!"

"ಅದಕ್ಕೇ ನಿನ್ನೆ ಸೊಪ್ಪು ಒಂಥರಾ ಇತ್ತು" ಎಂದಿತು ಒಂದು ದನಿ. "ನಮ್ಮನೆಯಲ್ಲೂ ಒಂಥರಾ ಇತ್ತು" ಎಂದಿತು ಇನ್ನೊಂದು. ಎರಡೇ ನಿಮಿಷದಲ್ಲಿ ಎಲ್ಲರ ಮನೆಯ ಸೊಪ್ಪೂ ಒಂಥರಾ ಆಗಿ, ನಾಳೆಯಿಂದ ಆ ಭಾಜಿವಾಲನಿಂದ ಯಾರೂ ಸೊಪ್ಪು ಕೊಳ್ಳಬಾರದೆಂದು ಠರಾವಾಯಿತು. ಆ ಪಾಪದವನು ಪ್ರತಿದಿನ ಮುರಾರಿಗೆ ಎರಡು ಹಸಿಮೆಣಸು ಪುಕ್ಕಟೆ ಹಾಕುತ್ತಿದ್ದ. ಮುರಾರಿಗೆ ಆ ಖಾರವೆಲ್ಲ ಒಮ್ಮೆಗೇ ಗಂಟಲಿಗೆ ಬಂದಂತಾಯಿತು. ಇರಲಿ, ಕೆರೆ ಉಳಿದರೆ ಸಾಕು, ಇವನ ವಿಷಯ ಆಮೇಲೆ ನೋಡಿಕೊಳ್ಳೋಣ ಎಂದು ನುಂಗಿಕೊಂಡರು.

ಅಪರ್ಣಾ ಕೊಳವೆಗೆ ನೀರು ಸುರಿದು ಮೂರು ಹನಿ ಹಾಕಿದಳು. ಮುರಾರಿ ಗೆದ್ದವರ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತರು.

ನೀರು ಮೊದಲು ನಿಂಬೆ ಶರಬತ್ತಿನ ಬಣ್ಣಕ್ಕೆ ತಿರುಗಿತು. ಮುರಾರಿ ಕಾಲು ಕೆಳಗಿಳಿಸಿದರು. ಆಮೇಲೆ ಕಟಿಂಗ್ ಚಹಾದ ಬಣ್ಣ. ಮುರಾರಿ ಎದ್ದು ನಿಂತರು. ಐದನೇ ನಿಮಿಷಕ್ಕೆ ಅದು ಉಡುಪಿ ಹೋಟೆಲಿನ ಮೊದಲ ಡಿಕಾಕ್ಷನ್ನಿನಂತೆ ಗಾಢ ಕಂದಾಗಿ ಕೊಳವೆಯಲ್ಲಿ ನಿಂತಿತು.

"ಈಶ್ವರಾ!" ಎಂದಿತು ಸಭೆ.

ಸಭೆಗೆ ಗೊತ್ತಿದ್ದದ್ದು ಇಷ್ಟೇ, ಕೆರೆ ಕೆಟ್ಟಿದೆ ಎಂದು. ಅದು ತಮ್ಮ ಮನೆಯ ನಲ್ಲಿ ನೀರು ಎಂದು ಗೊತ್ತಿದ್ದದ್ದು ಆ ಮೂವತ್ತು ಜನರಲ್ಲಿ ಮುರಾರಿ ಒಬ್ಬರಿಗೆ. ಕುಡಿಯುವುದೇನೋ ಫಿಲ್ಟರಿನದು. ಆದರೆ ಇದೇ ನೀರಿನಲ್ಲಿ ಬೆಳಿಗ್ಗೆ ಹಲ್ಲುಜ್ಜಿದ್ದರು. ಎರಡು ಸಲ ಸ್ನಾನ ಮಾಡಿದ್ದರು. ಸುಶ್ರುತ ಅರ್ಧ ಲೀಟರು ಕುಡಿದಿದ್ದ! ಅವನ ಎರಡು ವರ್ಷದ ಕೊಳೆ ಹೇಗೆ ಹೋಯಿತೆಂದು ಈಗ ತಿಳಿಯಿತು. ಮುರಾರಿಯ ನಾಲಿಗೆ ತಾನಾಗಿ ಹಲ್ಲುಗಳಿಂದ ದೂರ ಸರಿಯಿತು.

"ನೋಡಿದ್ರಲ್ಲ?" ಯಶ್ವಂತ್ ಮೈಕಿನಲ್ಲಿ ಗುಡುಗಿದರು. "ನಾನು ಮೊದಲೇ ಹೇಳಿರ್ಲಿಲ್ವಾ? ಇನ್ನು ಮುಚ್ಚುವುದೊಂದೇ ದಾರಿ!"

ಆಗ ಹಿಂದಿನ ಸಾಲಿನಿಂದ ಪೂವಪ್ಪ ಎದ್ದ. ಮುರಾರಿಯ ಬಿಳಿಚಿದ ಮುಖ ನೋಡಿ ಅವನಿಗೆ ಕರುಳು ಚುರುಕ್ಕೆಂದಿತ್ತು. "ಯಶ್ವಂತಣ್ಣ, ಒಂದು ಮಾತು. ಆ ಔಷಧ ಯಾವ ನೀರಿಗೆ ಹಾಕಿದ್ರೂ ಕಂದೇ ಆಗ್ತದೋ ಏನೋ ಯಾರಿಗೆ ಗೊತ್ತು? ಒಮ್ಮೆ ನಮ್ಮ ಟ್ಯಾಂಕಿ ನೀರಿಗೂ ಹಾಕಿ ನೋಡಿ."

"ಹಾಕಿ!" ಎಂದರು ಮುರಾರಿ ಎಲ್ಲರಿಗಿಂತ ಜೋರಾಗಿ. ತಾವು ಬಾಯಿ ಬಿಡದೆಯೇ ಸತ್ಯ ತಾನಾಗಿ ಹೊರಗೆ ಬರುವ ದಾರಿ ಕಂಡಿತ್ತು. ಟ್ಯಾಂಕಿನ ನೀರು ಕೆಟ್ಟದ್ದು ಗೊತ್ತಾದರೆ ಜನ ಕೆರೆಯ ಗೊಡವೆಯನ್ನೇ ಬಿಟ್ಟುಬಿಡುತ್ತಾರೆ.

ವಾಚ್‌ಮನ್ ಸೈದಪ್ಪ ಓಡಿಹೋಗಿ ಟ್ಯಾಂಕಿನ ನಲ್ಲಿಯಿಂದ ಒಂದು ಲೋಟ ನೀರು ತಂದ. ಮೂರು ಹನಿ. ಐದು ನಿಮಿಷ. ಶರಬತ್ತು, ಚಹಾ, ಡಿಕಾಕ್ಷನ್. ಅಪರ್ಣಾ ಎರಡೂ ಕೊಳವೆಗಳನ್ನು ಅಕ್ಕಪಕ್ಕ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದಳು.

"ಅಜೀಬ್ ಹೈ. ಏಕ್‌ದಮ್ ಸೇಮ್ ಶೇಡ್."

ಸೈದಪ್ಪ ತಲೆ ಕೆರೆದುಕೊಂಡ.

"ಸಾಹೇಬ್ರ, ಟ್ಯಾಂಕಿ ಬಾಜೂಕಿನ ಗಟಾರದ ಚೇಂಬರ್ ತುಂಬಿ ಹರ್ಯಾಕತ್ತಿ ನಾಕ್ ದಿನಾ ಆತ್ರಿ. ನಾ ನಿಮಗ ಎರಡು ಸಲ ಹೇಳೇನ್ರಿ..."

"ಸುಮ್ಮನಿರು ಸೈದಪ್ಪ" ಎಂದರು ಯಶ್ವಂತ್. "ಇಲ್ಲಿ ಸೈನ್ಸ್ ನಡೀತಾ ಉಂಟು." ಅವರ ಮುಖದ ಮೇಲೆ ಮಹಾ ಸತ್ಯವೊಂದು ನಿಧಾನವಾಗಿ ಉದಯಿಸುತ್ತಿತ್ತು. "ನಿಮಗೆ ಯಾರಿಗೂ ಅರ್ಥ ಆಗ್ಲಿಲ್ವಾ? ಕೆರೆ ನೀರಿನ ಬಣ್ಣ, ಟ್ಯಾಂಕಿ ನೀರಿನ ಬಣ್ಣ ಎರಡೂ ಒಂದೇ. ಅಂದ್ರೆ ಏನು? ಕೆರೆ ನೀರು ನೆಲದೊಳಗಿಂದ ಬಂದು ನಮ್ಮ ಟ್ಯಾಂಕಿಗೆ ಸೇರ್ತಾ ಉಂಟು!"

ಆ ಮಾತು ಸಭೆಯ ಮೇಲೆ ಸಿಡಿಲಿನಂತೆ ಬಿತ್ತು. ಮುರಾರಿಯ ಮೇಲೆ ಎರಡು ಸಲ ಬಿತ್ತು. ಅಷ್ಟು ದೂರದ ಕೆರೆ ಇಲ್ಲಿಗೆ ಹೇಗೆ ಬರುತ್ತದೆಂದು ಯಾರೂ ಕೇಳಲಿಲ್ಲ. ಇಷ್ಟು ದಿನ ಕೆರೆ ಇರಲಿ ಎನ್ನುತ್ತಿದ್ದವರೂ ಹೊಟ್ಟೆ ಸವರಿಕೊಂಡು, ತಮಗೆ ಬಂದ ತೇಗು, ಮಗನ ಕೆಮ್ಮು, ಅತ್ತೆಯ ಕೂದಲುದುರು ಎಲ್ಲಕ್ಕೂ ಕಾರಣ ಸಿಕ್ಕ ಸಮಾಧಾನದಲ್ಲಿ ಕೈ ಎತ್ತಿದರು. ನಾಳೆಯೇ ಪ್ಲಂಬರನನ್ನು ಕರೆಸಿ ಟ್ಯಾಂಕು, ಚೇಂಬರು ಎರಡನ್ನೂ ತೊಳೆಸುವುದು. ಮತ್ತೆ ವಿಷ ಸೇರದಂತೆ ಕೆರೆಯನ್ನು ಅರ್ಧವಲ್ಲ, ಪೂರ್ತಿಯಾಗಿ ಮುಚ್ಚಬೇಕೆಂದು ಬರೆದು ಕೊಡುವುದು.

"ಮುರಾರಿಯವರೇ, ಬನ್ನಿ. ಮೊದಲ ಸಹಿ ನಿಮ್ಮದೇ. ಸ್ಯಾಂಪಲ್ ತಂದವರು ನೀವಲ್ವಾ?"

"ಒಂದು ನಿಮಿಷ..." ಮುರಾರಿ ಬಾಯಿ ತೆರೆದರು. ಮೂವತ್ತು ಜೊತೆ ಕಣ್ಣು ಅವರತ್ತ ತಿರುಗಿತು. ಅವುಗಳಲ್ಲಿ ವಾರಿಜಾಳ ಒಂದು ಜೊತೆ ಕಣ್ಣು ಹೆಮ್ಮೆಯಿಂದ ಹೊಳೆಯುತ್ತಿತ್ತು. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಆ ಹೊಳಪನ್ನು ಅವರು ನೋಡಿದ್ದು ಹೆಚ್ಚೆಂದರೆ ಮೂರು ಸಲ. "ಪೆನ್ನು ಇದೆಯಾ?" ಎಂದರು ಮುರಾರಿ.

ಸಹಿ ಮುಗಿಯುತ್ತಿದ್ದಂತೆ ಚಪ್ಪಾಳೆ. ಯಶ್ವಂತ್ ಅವರ ಹೆಗಲ ಮೇಲೆ ಕೈಹಾಕಿ ಮೈಕಿನಲ್ಲಿ ಸಾರಿದರು. "ಇವರ ದಯದಿಂದ ನಮ್ಮೆಲ್ಲರ ಜೀವ ಉಳಿಯಿತು. ಕೆರೆ ಮುಚ್ಚುವವರೆಗೆ ಅದರ ಹತ್ತಿರ ಯಾರೂ ಸುಳಿಯದ ಹಾಗೆ ನೋಡಿಕೊಳ್ಳಲಿಕ್ಕೆ ಮುರಾರಿಯವರನ್ನೇ ಮೇಲ್ವಿಚಾರಕರಾಗಿ ನೇಮಿಸೋಣ. ಅಲ್ಲಿ ಕೆಲವರು ಕಳ್ಳತನದಲ್ಲಿ ಮೀನು ಹಿಡೀತಾರಂತೆ. ಅಂಥವರು ಸಿಕ್ಕಿದ್ರೆ ಬಿಡಬೇಡಿ ಸರ್, ಫೋಟೋ ತೆಗೆದು ಗ್ರೂಪಿಗೆ ಹಾಕಿ!"

ಹಿಂದಿನ ಸಾಲಿನಲ್ಲಿ ಪೂವಪ್ಪ ಮೆಲ್ಲನೆ ಕುರ್ಚಿಯಿಂದ ಜಾರಿ ಮಾಯವಾದ.

ಎಲ್ಲರೂ ಚದುರಿದ ಮೇಲೆ ಅಪರ್ಣಾ ಔಷಧದ ಸೀಸೆಯನ್ನೂ ಒಂದು ಕೊಳವೆಯನ್ನೂ, ಆಗಾಗ ನೀರು ಪರೀಕ್ಷಿಸುತ್ತಿರಿ ಎಂದು ಮುರಾರಿಯ ಕೈಗಿಟ್ಟಳು. "ಅಂಕಲ್, ಅಬ್ ಆಪ್ ಇನ್‌ಚಾರ್ಜ್ ಹೋ. ಬೀಚ್ ಬೀಚ್ ಮೇ ಚೆಕ್ ಕರತೇ ರಹನಾ."

*

ಊಟದ ನಂತರ, "ಮೇಲ್ವಿಚಾರಣೆಗೆ ಹೋಗಿ ಬರ್ತೇನೆ" ಎಂದು ಮುರಾರಿ ಹೊರಬಿದ್ದರು. ಪಂಪ್‌ಹೌಸಿನ ಬಳಿಯ ದೀಪದ ಕೆಳಗೆ, ತಮ್ಮ ಕಲ್ಲಿನ ಮೇಲೆ ಕೂತು, ಕೊಳವೆಯನ್ನು ಕೆರೆಯಲ್ಲಿ ಅದ್ದಿದರು. ಯಾಕೆಂದು ಅವರಿಗೇ ಸರಿಯಾಗಿ ತಿಳಿದಿರಲಿಲ್ಲ. ನಲ್ಲಿ ನೀರೇ ಆ ಬಣ್ಣವಾದರೆ ಈ ನೀರು ಡಾಂಬರೇ ಆದೀತು. ಆಗಲಿ, ಆಗಿಬಿಟ್ಟರೆ ತಾನು ಮಾಡಿದ್ದು ತಪ್ಪಲ್ಲವೆಂದು ಇವತ್ತು ನಿದ್ದೆಯಾದರೂ ಬಂದೀತು.

ಒಂದು, ಎರಡು, ಮೂರು ಹನಿ. ಮೊಬೈಲಿನಲ್ಲಿ ಐದು ನಿಮಿಷ ನೋಡಿದರು.

ಬಣ್ಣ ಬರಲಿಲ್ಲ.

ಇನ್ನೂ ಐದು ನಿಮಿಷ ಕಾದರು. ಕೊಳವೆಯನ್ನು ಅಲುಗಿಸಿದರು, ಊದಿದರು, ದೀಪಕ್ಕೆ ಹಿಡಿದರು. ಪಾಚಿಯ ತೆಳು ಹಸಿರು ಬಿಟ್ಟರೆ ಬೇರೇನೂ ಇಲ್ಲ. ಅದನ್ನು ಚೆಲ್ಲಿ, ಚಪ್ಪಲಿ ತೇಲುತ್ತಿದ್ದ ಮೂಲೆಯಿಂದ ಮತ್ತೆ ನೀರು ತೆಗೆದು ಹನಿ ಹಾಕಿದರು. ಅಲ್ಲೂ ಇಲ್ಲ. ಹಾರದ ಬಳಿಯದಕ್ಕೂ ಇಲ್ಲ. ನೋಡಲು ಪಾಲಕ್ ಸಾರಿನಂತಿದ್ದ ಕೆರೆ ಒಳಗೆ ಚೊಕ್ಕವಾಗಿತ್ತು. ಬೆಳಿಗ್ಗೆ ಬಗ್ಗಿದವರು ಬಗ್ಗಿದಲ್ಲೇ ಬಾಟಲಿ ತುಂಬಿಸಿಕೊಂಡು ಬಂದಿದ್ದರೆ ಸಾಕಿತ್ತು. ಯಶ್ವಂತರ ಮೈಕು ಬಾಯಿ ಮುಚ್ಚಿ, ಕೆರೆ ಇದ್ದ ಹಾಗೆಯೇ ಇರುತ್ತಿತ್ತು.

ಹಿಂದೆ ಬೀಡಿಯ ವಾಸನೆ ಬಂತು. ಪೂವಪ್ಪ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ಎಂಥ ಭಟ್ರೇ, ಇಲ್ಲಿಯೂ ಟೆಸ್ಟಾ? ಬಣ್ಣ ಬಂತಾ?"

ಮುರಾರಿ ಕೊಳವೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. ಇಲ್ಲ ಎಂದರೆ ಪೂವಪ್ಪ ಈಗಲೇ ಎದ್ದು ಹೋಗಿ ಯಶ್ವಂತರ ಬಾಗಿಲು ಬಡಿಯುತ್ತಾನೆ. ಹಾಗಾದರೆ ಸಂಜೆಯ ಬಾಟಲಿಯಲ್ಲಿ ಇದ್ದದ್ದೇನು ಎಂದು ಅವರು ಕೇಳುತ್ತಾರೆ. ಆಮೇಲೆ ಬಾತ್‌ರೂಮು, ಕೊತ್ತಂಬರಿ, ಭಾಜಿವಾಲ, ಸುಶ್ರುತನ ಹೊಟ್ಟೆ, ಮೂರು ವರ್ಷದ ಆರು ರೌಂಡು, ಎಲ್ಲವೂ ಒಂದೇ ದಾರಕ್ಕೆ ಸಿಕ್ಕಿಕೊಂಡು ಮೇಲೆ ಬರುತ್ತವೆ. ಕೊನೆಯಲ್ಲಿ ವಾರಿಜಾಳ ಮುಖ. ಮುರಾರಿ ಮುಷ್ಟಿ ಬಿಚ್ಚಿ ಕೊಳವೆಯ ನೀರನ್ನು ಕಲ್ಲಿನ ಹಿಂದೆ ಸುರಿದುಬಿಟ್ಟರು.

"ಬಂತು ಮಾರಾಯ. ಕಂದು."

ಪೂವಪ್ಪನಿಗೆ ಬೀಡಿ ಆರಿದ್ದೂ ತಿಳಿಯಲಿಲ್ಲ. "ಹನ್ನೊಂದು ವರ್ಷ ತಿಂದೆನಲ್ಲ ಭಟ್ರೇ ಇದರ ಮೀನನ್ನು" ಎಂದ ಸಣ್ಣ ದನಿಯಲ್ಲಿ. "ಈಗ ನೀವು ಹೇಳಿದ ಮೇಲೆ ಹೊಟ್ಟೆಯಲ್ಲಿ ಎಂಥದೋ ಆದ ಹಾಗೆ ಆಗ್ತಾ ಉಂಟು. ನಾಳೆ ಒಮ್ಮೆ ಡಾಕ್ಟರಿಗೆ ತೋರಿಸ್ಬೇಕು."

ಮುರಾರಿ ಬಾಯಿ ತೆರೆದರು. ನೀರಿನಲ್ಲಿ ಒಂದು ಮೀನು ಎದ್ದು ಬಿದ್ದಿತು. ಬಾಯಿ ಮುಚ್ಚಿದರು.

ನಾಳೆ ಆಫೀಸಿಗೆ ರಜೆ. ಪೂವಪ್ಪನ ಜೊತೆ ಡಾಕ್ಟರ ಬಳಿಗೆ ತಾವೇ ಹೋಗುವುದು, ರಿಕ್ಷಾ ತಾವೇ ಹಿಡಿಯುವುದು, ಫೀಸು ತಾವೇ ಕೊಡುವುದು. ಭಾಜಿವಾಲನ ಸೊಪ್ಪನ್ನು ಬಾಗಿ ನೋಡದ ಹೊತ್ತಿನಲ್ಲಿ ತಾವೊಬ್ಬರೇ ಕೊಳ್ಳುವುದು. ಇಷ್ಟೆಲ್ಲ ಮಾಡಲು ಮುರಾರಿ ಅಲ್ಲೇ, ಆ ಕಲ್ಲಿನ ಮೇಲೆಯೇ ನಿಶ್ಚಯಿಸಿದರು. ಹೇಳುವುದು ಮಾತ್ರ ಯಾರಿಗೂ ಇಲ್ಲ.